ಉಸಿರುಬೀಗರು

ನಮ್ಮೂರಿನಲ್ಲಿ ಒಬ್ಬರು ತುಪ್ಪ ತಿಂದರೆ ಇನ್ನೊಬ್ಬರಿಗೆ ಉಬ್ಬಸ ಬರುತ್ತದೆ. ನಂಬುವವರು ನಂಬಿ, ಬಿಡುವವರು ಬಿಡಿ, ನಾನಂತೂ ಹುಟ್ಟಿದಾಗಿನಿಂದ ಇದನ್ನು ನೋಡಿಕೊಂಡೇ ಬಂದವಳು. ಒಬ್ಬರ ನೆತ್ತರಿನಲ್ಲಿ ಕೊಬ್ಬು ಏರಿತೆಂದರೆ ಊರಿನ ಇನ್ಯಾವುದೋ ಓಣಿಯಲ್ಲಿ ಇನ್ಯಾರದೋ ಎದೆಯೊಳಗೆ ಸೀಟಿ ಊದಲು ಶುರುವಾಗುತ್ತದೆ. ಯಾರ ನೆತ್ತರು ಯಾರ ಉಸಿರಿಗೆ ಗಂಟುಬಿದ್ದಿದೆ ಎನ್ನುವುದು ಮೊದಲೇ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಆ ಎರಡು ಮನೆಯವರು ಉಸಿರುಬೀಗರು. ಹೆಣ್ಣು ಕೊಟ್ಟ ಬೀಗರ ಜೊತೆ ಬೇಕಾದರೆ ಮಾತು ಬಿಡಬಹುದು, ಉಸಿರುಬೀಗರ ಜೊತೆ ಬಿಟ್ಟರೆ ಜೀವಕ್ಕೇ ಬರುತ್ತದೆ.

ಹಾಗೆಂದು ನಮ್ಮ ಜನ ಹಬ್ಬ ಹುಣ್ಣಿಮೆ ಬಿಟ್ಟು ಕೂತಿಲ್ಲ. ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವರ ಎದುರು ಅವರವರ ಉಸಿರುಬೀಗರಿಗೂ ಒಂದೊಂದು ಮಣೆ ಹಾಕುತ್ತೇವೆ. ತುಪ್ಪದ ಗಿಂಡಿ ಬಂದಾಗ ಉಣ್ಣುವವನು ತಲೆಯೆತ್ತಿ ಎದುರಿನವರನ್ನು ನೋಡುತ್ತಾನೆ. ಅವರು ಒಮ್ಮೆ ಉಸಿರೆಳೆದು ನೋಡಿಕೊಂಡು ಹೂಂ ಅಂದರೆ ಒಂದು ಚಮಚ, ಕೈ ಅಡ್ಡ ಮಾಡಿದರೆ ಬರೀ ಹೋಳಿಗೆ. ಮುನಿಸಿದ್ದವರು ಬೇಕೆಂದೇ ಕೆಮ್ಮುವುದೂ ಉಂಟು. ನಾನು ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಬಜ್ಜಿ ಕರಿಯುವವಳು, ನಿಂಬೆವ್ವ ಅಂದರೆ ಎಲ್ಲರಿಗೂ ಗೊತ್ತು. ಯಾರಾದರೂ ಎರಡನೇ ಪ್ಲೇಟ್ ಕೇಳಿದರೆ "ನಿಮ್ಮ ಬೀಗರನ್ನ ಕೇಳಿಕೊಂಡು ಬರ್ರಿ" ಅನ್ನುವುದು ನನ್ನ ಅಂಗಡಿಯ ಪದ್ಧತಿ. ಇಂಥ ಊರಿನಲ್ಲಿ ಬಜ್ಜಿ ಕರಿದು ಬದುಕುವುದೆಂದರೆ ಏನೆಂದು ನನ್ನನ್ನೇ ಕೇಳಬೇಕು.

ನನಗಿರುವವಳು ಒಬ್ಬಳೇ ಮಗಳು, ಸುಗಲಾ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸ. ಸಣ್ಣವಳಿದ್ದಾಗಿನಿಂದ ಚಳಿಗಾಲದಲ್ಲಿ ಅವಳ ಎದೆ ಅಷ್ಟಿಷ್ಟು ಗೊರಗೊರ ಅನ್ನುತ್ತಿತ್ತು, ಅದನ್ನು ನಾವ್ಯಾರೂ ದೊಡ್ಡದು ಮಾಡಿರಲಿಲ್ಲ. ಆದರೆ ಆ ವರ್ಷ ಬೇಸಿಗೆ ಬಂದರೂ ಸೀಟಿ ನಿಲ್ಲಲಿಲ್ಲ. ಹಾಡಿನ ಒಂದು ಸಾಲು ಮುಗಿಸುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟುತ್ತಿತ್ತು. ಮಕ್ಕಳು ಉಳಿದ ಸಾಲನ್ನು ತಾವೇ ಹೇಳಿ ಟೀಚರ್ ಮುಖ ನೋಡುತ್ತ ಕೂರುತ್ತಿದ್ದವು. ಬಾಯಿಗೆ ಹಿಡಿದು ಒತ್ತುವ ಪಂಪು ತಂದುಕೊಟ್ಟೆ. ನಮ್ಮೂರಿನಲ್ಲಿ ಪಂಪು ಸ್ವಲ್ಪ ಹೊತ್ತಿನ ಮಟ್ಟಿಗೆ ಮಾತ್ರ ನಡೆಯುತ್ತದೆ, ನೆತ್ತರು ತಿಳಿಯಾಗದೆ ಉಸಿರು ತೆರೆಯುವುದಿಲ್ಲ. ದಿಂಬಿಗೆ ಒರಗಿ ಕೂತು ಬೆಳಗು ಮಾಡುವ ಮಗಳ ಬೆನ್ನು ನೀವುತ್ತ ನಾನೂ ಎಚ್ಚರವಿರುತ್ತಿದ್ದೆ.

ಇಂಥ ಹೊತ್ತಿನಲ್ಲಿ ಬೀಗರನ್ನು ಹುಡುಕುವ ಕ್ರಮ ಒಂದಿದೆ. ಓಣಿ ಓಣಿಯಾಗಿ ಬಾಯಿ ಕಟ್ಟುವುದು. ಒಂದು ವಾರ ಈ ಓಣಿಯವರು ಎಣ್ಣೆ ತುಪ್ಪ ಮುಟ್ಟುವಂತಿಲ್ಲ, ಮುಂದಿನ ವಾರ ಆ ಓಣಿಯವರು. ಯಾವ ಓಣಿ ಬಾಯಿ ಕಟ್ಟಿದಾಗ ಉಸಿರು ಸಡಿಲಾಗುತ್ತದೋ ಆ ಓಣಿಯಲ್ಲಿ ಮನೆ ಮನೆಯಾಗಿ ಹುಡುಕಬೇಕು. ಇದರ ಉಸ್ತುವಾರಿ ರಾಚಯ್ಯ ಮಾಸ್ತರರದು. ನಿವೃತ್ತ ಹೆಡ್‌ಮಾಸ್ತರು, ಕಡ್ಡಿಯಂಥ ಮೈ, ಬೆಳಗಾಗುವ ಮೊದಲೇ ಕೆರೆ ಏರಿ ಸುತ್ತಿ ಬರುವವರು. ಕರಿದದ್ದು ಮುಟ್ಟಿದವರಲ್ಲ, ಒಗ್ಗರಣೆಯನ್ನೂ ಸರಿಸಿ ಉಣ್ಣುವವರು. ನನ್ನ ಅಂಗಡಿಯ ಮುಂದೆ ಹೋಗುವಾಗ ಮೂಗಿಗೆ ಟವೆಲ್ ಹಿಡಿದುಕೊಂಡೇ ಹೋಗುತ್ತಿದ್ದರು. ಊರಿನಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ.

ಮಾಸ್ತರರು ಸುಗಲಾಳನ್ನು ನೋಡಿದರು, ಅವಳ ಎದೆಗೆ ಕಿವಿಗೊಟ್ಟರು. "ಓಣಿ ಓಣಿ ತಿರುಗಿಕೋತ ಕುಂತ್ರ ಹುಡುಗಿ ಉಳಿಯೂದಿಲ್ಲ ನಿಂಬೆವ್ವ. ಇಷ್ಟು ಗಟ್ಟಿ ಸೀಟಿ ಹೊಡಸಬೇಕಾದ್ರ ಅದೆಂಥಾ ನೆತ್ತರು ಇರಬೇಕು? ನೀನ ವಿಚಾರ ಮಾಡು" ಅಂದರು. ವಿಚಾರ ಮಾಡುವುದೇನು ಬಂತು, ನನ್ನ ಕಣ್ಣ ಮುಂದೆ ಗದಿಗೆಪ್ಪನ ಹೊಟ್ಟೆಯೇ ಬಂದು ನಿಂತಿತು. ಮಾಸ್ತರರ ಮನಸ್ಸಿನಲ್ಲಿದ್ದವನೂ ಅವನೇ.

ಗದಿಗೆಪ್ಪ ಧಾನ್ಯದ ಪೇಟೆಯಲ್ಲಿ ಹಮಾಲ. ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಲಾರಿ ಹತ್ತುವ ಆಳು. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮಕ್ಕಳಿಲ್ಲ. ಅವನು ಉಣ್ಣುವುದನ್ನು ನೋಡಲು ಜನ ಸೇರುತ್ತಿದ್ದರು. ಅವನ ನೆತ್ತರಿನಿಂದ ಯಾರಿಗೂ ಇದುವರೆಗೆ ತೊಂದರೆ ಆದದ್ದಿಲ್ಲವಾದ್ದರಿಂದ ಅವನನ್ನು ಕೇಳುವವರೂ ಇರಲಿಲ್ಲ. ಮಾಸ್ತರರು ಕರೆಸಿ ವಿಷಯ ಹೇಳಿದಾಗ ಅವನು ಸುಗಲಾಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ, "ಅಯ್ಯೋ ಯವ್ವಾ, ನಾ ತಿಂದದ್ದು ನಿನ್ನ ಎದ್ಯಾಗ ಕುಂತೈತೇನು? ಮೊದಲ ಹೇಳಬಾರದೇನ್ರೀ ಯಾರರೆ" ಅಂದ. ಅಂದಿನಿಂದಲೇ ಬಾಯಿ ಕಟ್ಟಿದ.

ಸರಿ, ಅದೇ ಹೊತ್ತಿಗೆ ಧೂಳಿನ ಗಾಳಿ ನಿಂತು ಮಳೆ ಹಿಡಿಯಿತು. ಸುಗಲಾಳ ಉಸಿರು ಒಂದಿಷ್ಟು ಸಡಿಲಾಯಿತು. ಸಾಕಲ್ಲ, ಊರು ತೀರ್ಮಾನ ಮಾಡಿಬಿಟ್ಟಿತು. ಅವನೇ ಬೀಗ. ನಾನು ಅವನ ಮನೆ ಬಾಗಿಲಿಗೆ ಬೀಗತನದ ಅರಿಶಿನ ಕುಂಕುಮ ಕಳಿಸಿದೆ.

ನಿಜ ಹೇಳುತ್ತೇನೆ, ಬಾಯಿ ಕಟ್ಟಿದವರನ್ನು ಬೇಕಾದಷ್ಟು ನೋಡಿದ್ದೇನೆ, ಗದಿಗೆಪ್ಪನಂಥವನನ್ನು ನೋಡಿಲ್ಲ. ಕೆಲವರು ಗೊಣಗುತ್ತಾರೆ, ಕೆಲವರು ಕದ್ದು ತಿನ್ನುತ್ತಾರೆ. ಇವನು ಒಣ ರೊಟ್ಟಿ, ಹಸಿ ಈರುಳ್ಳಿ, ಬೇಯಿಸಿದ ಕಾಳು ಇಷ್ಟರಲ್ಲೇ ಖುಷಿಯಾಗಿಬಿಟ್ಟ. ದಿನಾ ಸಂಜೆ ಪೇಟೆ ಮುಗಿಸಿ ಸೀದಾ ನಮ್ಮ ಅಂಗಡಿಗೆ ಬರುತ್ತಿದ್ದ. ಬಜ್ಜಿಯ ಬಾಣಲೆಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು, "ಹೆಂಗೈತವಾ ಉಸಿರು?" ಅಂತ ಸುಗಲಾಳನ್ನು ಕೇಳುತ್ತಿದ್ದ. ಅವಳು "ನೀ ಇವತ್ತು ಏನು ತಿಂದಿ, ಮೊದಲ ಅದನ್ನ ಹೇಳು" ಅನ್ನುತ್ತಿದ್ದಳು. ಬೆಳಗಿನ ಅಂಬಲಿಯಿಂದ ಹಿಡಿದು ಎಲ್ಲ ಒಪ್ಪಿಸುತ್ತಿದ್ದ. ಒಂದು ದಿನ ಯಾರೋ ಶೇಂಗಾ ಕೊಟ್ಟರಂತೆ. ತಿನ್ನಬಹುದೋ ಬೇಡವೋ ತಿಳಿಯದೆ ಅದನ್ನು ರುಮಾಲಿನಲ್ಲಿ ಕಟ್ಟಿಕೊಂಡು ಬಂದು ಅವಳ ಮುಂದಿಟ್ಟ. ಅವಳು ಒಂದೊಂದೇ ಎಣಿಸಿ ಅವನ ಅಂಗೈಗೆ ಹಾಕಿದಳು. ಆ ದೊಡ್ಡ ಮನುಷ್ಯ ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ತಿಂದ.

ಅವನ ಮೈ ಇಳಿಯಿತು. ಚೀಲ ಎತ್ತುವ ಶಕ್ತಿ ಹೋಯಿತು. ಪೇಟೆಯವರು ಅವನಿಗೆ ದಬ್ಬಣ ಕೊಟ್ಟು ಚೀಲದ ಬಾಯಿ ಹೊಲಿಯಲು ಕೂರಿಸಿದರು. "ಬಾಯಿ ಕಟ್ಟಿದವನಿಗೆ ತಕ್ಕ ಕೆಲಸಾನೇ ಸಿಕ್ಕಿತಲ್ಲೋ" ಅಂತ ಹಮಾಲರು ಕಾಡಿಸಿದರೆ ಅವನೂ ನಗುತ್ತಿದ್ದ. ಸುಗಲಾ ಮಾತ್ರ ಅರ್ಧ ತೆರೆದ ಉಸಿರಿನಲ್ಲೇ ದಿನ ತಳ್ಳುತ್ತಿದ್ದಳು. ನಾನು ಅಷ್ಟಾದರೂ ಆಯಿತಲ್ಲ ಅಂದುಕೊಂಡಿದ್ದೆ.

ಹೀಗಿರುವಾಗ ರಾಚಯ್ಯ ಮಾಸ್ತರರು ಕಣ್ಣಿನ ಪೊರೆ ತೆಗೆಸಲು ದೊಡ್ಡ ಪಟ್ಟಣಕ್ಕೆ ಹೋದರು. ಮಗಳ ಮನೆಯಲ್ಲಿ ಉಳಿದು, ಕಪ್ಪು ಕನ್ನಡಕ ಹಾಕಿಕೊಂಡು ತಿರುಗಿ ಬಂದರು. ಅವರು ಅಲ್ಲಿದ್ದಾಗಲೇ ನಮ್ಮ ಮನೆಯಲ್ಲಿ ಪವಾಡ ಆದಂತಾಯಿತು. ಸುಗಲಾಳ ಸೀಟಿ ದಿನದಿಂದ ದಿನಕ್ಕೆ ಸಣ್ಣದಾಗುತ್ತ ನಿಂತೇ ಹೋಯಿತು. ಒಂದು ಬೆಳಿಗ್ಗೆ ಅವಳು ಬಾವಿಯಿಂದ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಹಾಡುತ್ತ ಬಂದಳು. ನಾನು ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಊರಿಗೆ ಊರೇ ಗದಿಗೆಪ್ಪನನ್ನು ಹೊಗಳಿತು. ಪೇಟೆಯ ಕಟ್ಟೆಯ ಮೇಲೆ ಅವನಿಗೆ ಶಾಲು ಹೊದಿಸಿದರು. ಹೊದಿಸಿದವರು ಮಾಸ್ತರರೇ. ಹೊದಿಸುವಾಗ ಯಾಕೋ ಅವನ ಮುಖ ನೋಡಲಿಲ್ಲ, ಕಣ್ಣಿನ ಆಪರೇಷನ್ ಆಗಿದೆಯಲ್ಲ ಅಂದುಕೊಂಡೆವು. ಗದಿಗೆಪ್ಪನಿಗೆ ಮಾತಾಡಲು ಹೇಳಿದರೆ, "ನನ್ನ ಕೈಯಾಗ ಒಬ್ಬರ ಜೀವ ಐತಿ ಅಂತ ನನಗ ಗೊತ್ತ ಇರಲಿಲ್ಲ" ಅಂದು ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡು ಕೂತ.

ಆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ಸೀಟಿ ಮತ್ತೆ ಶುರುವಾಯಿತು. ಮೊದಲು ಬೆಳಗಿನ ಜಾವ ಸಣ್ಣಗೆ, ಆಮೇಲೆ ಹಗಲೆಲ್ಲ, ಆಮೇಲೆ ಹಿಂದೆಂದೂ ಇಲ್ಲದಷ್ಟು ಜೋರಾಗಿ. ಅಂಗನವಾಡಿಯ ಆಯಾ ಬಂದು, "ಹಾಡ್ತಾ ಹಾಡ್ತಾ ಬಿದ್ದುಬಿಟ್ಟಳು ಬಾ" ಅಂತ ಕರೆದಾಗ ನಾನು ಬಾಣಲೆಯನ್ನು ಉರಿಯ ಮೇಲೇ ಬಿಟ್ಟು ಓಡಿದೆ. ಮಗಳನ್ನು ಆಟೋದಲ್ಲಿ ಮನೆಗೆ ಸೇರಿಸಿ, ಪಂಪು ಕೊಟ್ಟು ಕೂರಿಸಿ, ಅಲ್ಲಿಂದ ಸೀದಾ ಪೇಟೆಗೆ ನಡೆದೆ. ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು, ಶಾಲು ಹೊದಿಸಿಕೊಂಡ ಮೇಲೆ ಇವನಿಗೆ ಸೊಕ್ಕು ಬಂದಿದೆ, ಎಲ್ಲೋ ಕದ್ದು ತುಪ್ಪ ಜಡಿದಿದ್ದಾನೆ.

ಗದಿಗೆಪ್ಪ ಚೀಲಗಳ ನಡುವೆ ದಬ್ಬಣ ಹಿಡಿದು ಕೂತಿದ್ದ. ಹಮಾಲರು, ದಲಾಲರು ಎಲ್ಲರ ಎದುರಿಗೆ ಅವನ ಅಂಗಿ ಹಿಡಿದು ಎಳೆದೆ. ಬಾಯಿಗೆ ಬಂದದ್ದೆಲ್ಲ ಬೈದೆ. "ಎಲ್ಲಿ ತಿಂದ್ಯೋ ಹೊಟ್ಟಿಬಾಕಾ? ನನ್ನ ಮಗಳ ಜೀವ ತಿಂದು ನಿನ್ನ ನಾಲಗಿ ತಣ್ಣಗಾತೇನು? ತೆಗಿ, ಬಾಯಿ ತೆಗಿ!"

ಅವನು ಬಾಯಿ ತೆರೆದ. ಅಷ್ಟು ಜನರ ಮುಂದೆ, ಡಾಕ್ಟರ ಮುಂದೆ ಮಗು ತೆರೆಯುವ ಹಾಗೆ ತೆರೆದು ಕೂತ. ನಾನು ಬಗ್ಗಿ ಮೂಸಿ ನೋಡಿದೆ. ಜೋಳದ ರೊಟ್ಟಿಯ ವಾಸನೆ, ಈರುಳ್ಳಿಯ ವಾಸನೆ. ಬೆರಳು ಮೂಸಿದೆ. ಗೋಣಿ ದಾರದ ವಾಸನೆ. ಎಣ್ಣೆಯ ಕೆಲಸದವಳು ನಾನು, ಮೂರು ದಿನದ ಹಿಂದೆ ತಿಂದ ಎಣ್ಣೆಯಾದರೂ ನನ್ನ ಮೂಗಿಗೆ ಸಿಗುತ್ತದೆ. ಸಿಗಲಿಲ್ಲ. ಆದರೂ ನಾನು ನಂಬಲಿಲ್ಲ.

"ಇಲ್ಲಕ್ಕಾ, ನಿನ್ನ ಪಾದದಾಣಿ" ಅಂದ. "ಕನಸಿನ್ಯಾಗ ತಿಂದಿದ್ದೆ. ಹೋಳಿಗಿ, ತುಪ್ಪ. ಅದಕ್ಕೂ ಹಿಂಗ ಆಗತೈತೇನು?"

ಯಾರೂ ನಗಲಿಲ್ಲ. ನಾನು ಮನೆಗೆ ಬಂದೆ. ಅವನು ಅಂದಿನಿಂದ ರೊಟ್ಟಿಯನ್ನೂ ಬಿಟ್ಟನಂತೆ. ಬರೀ ನೀರು, ತೀರಾ ಕಣ್ಣು ಕತ್ತಲೆ ಬಂದರೆ ಒಂದು ಲೋಟ ಮಜ್ಜಿಗೆಯ ತಿಳಿ. ಸಂಜೆ ಅಂಗಡಿಗೆ ಬರುವುದನ್ನು ಬಿಡಲಿಲ್ಲ, ಆದರೆ ಒಳಗೆ ಬಾರದೆ ರಸ್ತೆಯ ಆಚೆ ನಿಂತು ಸುಗಲಾಳ ಎದೆಯ ಸದ್ದು ಕೇಳಿಕೊಂಡು ಹೋಗುತ್ತಿದ್ದ. ಅಷ್ಟು ದೂರಕ್ಕೂ ಅದು ಕೇಳುತ್ತಿತ್ತು, ಹಾಗಿತ್ತು ಅವಳ ಸ್ಥಿತಿ. ಅವಳು "ಅವನ್ನ ಒಳಗ ಕರಿಯವ್ವಾ" ಅಂತ ಏದುಸಿರಿನಲ್ಲೇ ಅನ್ನುತ್ತಿದ್ದಳು. ನಾನು ಕರೆಯಲಿಲ್ಲ. ನನಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು.

ಒಂದು ಮಧ್ಯಾಹ್ನ ಗದಿಗೆಪ್ಪ ಪೇಟೆಯಲ್ಲಿ ಹೊಲಿಯುತ್ತಿದ್ದ ಚೀಲದ ಮೇಲೇ ಎಚ್ಚರ ತಪ್ಪಿ ಬಿದ್ದ. ಹಮಾಲರು ಅವನನ್ನು ಕೈಗಾಡಿಯಲ್ಲಿ ಹಾಕಿಕೊಂಡು ನನ್ನ ಅಂಗಡಿಗೇ ತಂದರು. "ಬೀಗರ ಮನಿಗೆ ತಂದೀವಿ, ಏನು ಮಾಡ್ತೀಯೋ ಮಾಡು" ಅಂದು ಬೆಂಚಿನ ಮೇಲೆ ಮಲಗಿಸಿದರು. ಆ ದೊಡ್ಡ ಮೈ ಬರೀ ಎಲುಬಿನ ಗೂಡಾಗಿತ್ತು. ನಾನು ಮುಖಕ್ಕೆ ನೀರು ಚಿಮುಕಿಸುತ್ತಿದ್ದಾಗ ರಾಚಯ್ಯ ಮಾಸ್ತರರು ಬಂದರು. ಮೂಗಿಗೆ ಟವೆಲ್ ಇರಲಿಲ್ಲ.

"ನಿಂಬೆವ್ವ, ಆ ಮನುಷ್ಯಾಗ ಏನರೆ ತಿನ್ನಾಕ ಕೊಡು" ಅಂದರು. "ಅವಂದಲ್ಲ ನೆತ್ತರು. ನಂದು."

ನನಗೆ ಅರ್ಥವಾಗಲಿಲ್ಲ. ಮಾಸ್ತರರು ಬೆಂಚಿನ ತುದಿಗೆ ಕೂತು, ನೆಲ ನೋಡುತ್ತ ಹೇಳಿದರು. ಕಣ್ಣಿನ ಆಪರೇಷನ್‌ಗೆ ಮೊದಲು ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ನೋಡಿದರಂತೆ. ಕೊಲೆಸ್ಟ್ರಾಲ್ ಎಷ್ಟಿತ್ತೆಂದರೆ ಡಾಕ್ಟರು ಎರಡು ಸಲ ನೋಡಿಸಿದರಂತೆ. "ನಾ ಎಣ್ಣಿ ಮುಟ್ಟೂದಿಲ್ರೀ ಅಂದೆ. ಮುಟ್ಟಬೇಕಂತಿಲ್ಲ ಅಂದ್ರು. ನಿಮ್ಮ ಯಕೃತ್ತ ಅದನ್ನ ತಯಾರು ಮಾಡತೈತಿ, ಹುಟ್ಟತಾನೇ ಬಂದದ್ದು ಅಂದ್ರು. ನಮ್ಮಪ್ಪನೂ ನನ್ನಂಗ ಕಡ್ಡಿ ಇದ್ದ, ಸಣ್ಣ ವಯಸ್ಸಿನ್ಯಾಗ ಎದಿ ಹಿಡಕೊಂಡು ಹೋದ. ಗುಳಿಗಿ ಕೊಟ್ರು. ನಾ ಅಲ್ಲಿ ಗುಳಿಗಿ ತಗೋಳಾಕ ಹತ್ತಿದಾಗ ಇಲ್ಲಿ ನಿನ್ನ ಮಗಳ ಉಸಿರು ತೆರೀತು. ಊರಿಗೆ ಬಂದ ದಿನಾನೇ ನನಗ ಹೊಳೀತು."

"ಹೊಳದ ಮ್ಯಾಲೆ?" ಅಂದೆ.

"ಗುಳಿಗಿ ತೀರಿದ್ವು. ಇಲ್ಲಿ ಔಷಧದ ಅಂಗಡಿಗೆ ಹೋಗಿ ಕೊಬ್ಬಿನ ಗುಳಿಗಿ ಕೊಡು ಅಂತ ಹೆಂಗ ಕೇಳಲಿ? ಊರಿಗೆಲ್ಲ ಬುದ್ಧಿ ಹೇಳಿದಾಂವ ನಾ. ಇವತ್ತ ಹೋದ್ರಾತು, ನಾಳಿ ಹೋದ್ರಾತು ಅಂತ..."

ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನೇ ಎತ್ತಿ ಅವರ ತಲೆಯ ಮೇಲೆ ಕುಕ್ಕಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅವರೇ ಎದ್ದು, ನಿಲ್ದಾಣದ ಎದುರಿನ ಔಷಧದ ಅಂಗಡಿಗೆ ಹೋಗಿ, ಸರದಿಯಲ್ಲಿ ನಿಂತವರೆಲ್ಲ ಕೇಳುವಂತೆ ಗುಳಿಗೆಯ ಹೆಸರು ಹೇಳಿ, ಅದು ಯಾತಕ್ಕೆ ಎನ್ನುವುದನ್ನೂ ಹೇಳಿ, ತಂದು ನನ್ನೆದುರು ನುಂಗಿದರು. ನೀರು ಕೊಟ್ಟವಳು ನಾನೇ. ಅಂಥ ಗತ್ತಿನ ಮನುಷ್ಯ ಅಷ್ಟೂ ಜನರ ಕಣ್ಣೆದುರು ತಲೆ ತಗ್ಗಿಸಿ ನೀರು ಕುಡಿಯುವುದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇವತ್ತಿಗೂ ಇದೆ.

ಗುಳಿಗೆ ಬಿದ್ದ ಮೇಲೆ ಸುಗಲಾಳ ಎದೆ ಮೆಲ್ಲಗೆ ಸಡಿಲಾಗತೊಡಗಿತು. ಪೂರಾ ತೆರೆದಿರಲಿಲ್ಲ, ಸೀಟಿಯ ಸಣ್ಣ ಎಳೆಯೊಂದು ಉಳಿದಿತ್ತು. ಗದಿಗೆಪ್ಪ ಮಾತ್ರ ಗಂಜಿಯ ಆಚೆ ಏನನ್ನೂ ಮುಟ್ಟಲೊಲ್ಲ. ಮಾಸ್ತರರು ಹೇಳಿದ್ದು ಸುಳ್ಳಾದರೆ, ಎರಡೂ ನೆತ್ತರು ಸೇರಿ ಕೆಡಿಸುತ್ತಿದ್ದರೆ ಅಂತ ಅವನ ಅನುಮಾನ. ಒಂದು ಸಂಜೆ ಸುಗಲಾ ಅವನನ್ನು ಕೈಹಿಡಿದು ಅಂಗಡಿಯೊಳಗೆ ಕೂರಿಸಿ, "ಅವ್ವಾ, ಇವಗ ಬಜ್ಜಿ ಹಾಕು" ಅಂದಳು.

"ನಿನ್ನ ತಲಿ ಕೆಟ್ಟೈತೇನ?" ಅಂದೆ.

"ತಿನ್ನಲಿ. ತಿಂದಾಗೂ ನನ್ನ ಉಸಿರು ಹಿಂಗ ಇದ್ರ ಇವನ ಮ್ಯಾಲಿನ ಗೂಬಿ ಇಳೀತೈತಿ. ಇಲ್ಲಾಂದ್ರ ಜಗತ್ತು ಮುಳುಗಿದ್ರೂ ಇಂವ ಇನ್ನ ಬಾಯಿಗೆ ಏನೂ ಇಡೂದಿಲ್ಲ, ಸಾಯ್ತಾನ."

ನಾನು ಬಾಣಲೆಯ ಮುಂದೆ ನಿಂತೆ. ಒಂದೊಂದು ಮೆಣಸಿನಕಾಯಿ ಎಣ್ಣೆಗೆ ಬಿಡುವಾಗಲೂ ಮಗಳ ಕಡೆಗೆ ನೋಡುತ್ತಿದ್ದೆ. ಕರಿದದ್ದನ್ನು ತಂದು ಅವನ ಮುಂದಿಟ್ಟೆ. ಅವನು "ನಾ ಒಲ್ಲೆಕ್ಕಾ" ಅಂತ ಕೈ ಹಿಂದೆ ಕಟ್ಟಿಕೊಂಡ. ಸುಗಲಾ ಒಂದನ್ನು ಮುರಿದು ತಾನೇ ಅವನ ಬಾಯಿಗಿಟ್ಟಳು.

ಗದಿಗೆಪ್ಪ ಅಗಿದ. ಅಗಿಯುವುದನ್ನು ನಿಲ್ಲಿಸಿ ಅವಳ ಎದೆಯ ಕಡೆಗೆ ಕಿವಿ ಹಚ್ಚಿದ. ಮತ್ತೆ ಅಗಿದ, ಮತ್ತೆ ನಿಲ್ಲಿಸಿದ. ಒಂದು ಪೂರಾ ಬಜ್ಜಿ ಮುಗಿಯಿತು, ಇನ್ನೊಂದು ಮುಗಿಯಿತು. ಅಂದು ತಟ್ಟೆ ಖಾಲಿಯಾಯಿತು. ಅವಳ ಒತ್ತಾಯಕ್ಕೆ ಮರುದಿನವೂ ತಿಂದ, ಆ ವಾರವೆಲ್ಲ ತಿಂದ. ಸೀಟಿ ಏರಲಿಲ್ಲ. ವಾರದ ಕೊನೆಯ ಸಂಜೆ ಉಳಿದಿದ್ದ ಆ ಎಳೆಯೂ ಕರಗಿ, ಸುಗಲಾ ಅವನೆದುರು ಕೂತು ಸದ್ದೇ ಇಲ್ಲದೆ ಉಸಿರಾಡಿದಳು. ನಾನು ದೇವರಿಗೆ ಕೈ ಮುಗಿದೆ. ಗದಿಗೆಪ್ಪನೂ ಖುಷಿಪಡುತ್ತಾನೆ ಅಂದುಕೊಂಡು ಅವನ ಕಡೆ ನೋಡಿದರೆ ಅವನ ಕಣ್ಣಿನಿಂದ ನೀರು ಇಳಿದು ತಟ್ಟೆಗೆ ಬೀಳುತ್ತಿತ್ತು.

"ಏನೂ ಆಗಲಿಲ್ಲಲ್ಲ" ಅಂದ.

"ಅದಕ್ಯಾಕ ಅಳ್ತೀಯೋ ಹುಚ್ಚಾ? ಆಗಿದ್ರ ಅಳಬೇಕಾಗಿತ್ತು" ಅಂದೆ.

"ಹೌದಕ್ಕಾ, ಆಗಬಾರದು, ಆಗಬಾರದು" ಅಂತ ತಲೆಯಾಡಿಸಿದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಹಂಗಾದ್ರ ನಾ ಯಾರಾಂವ?" ಅಂತ ಕೇಳಿದ. "ನಾ ತಿಂದ್ರೂ ಅಷ್ಟ, ಬಿಟ್ರೂ ಅಷ್ಟ. ಯಾರಿಗೂ ಏನೂ ಆಗೂದಿಲ್ಲ."

ಪೇಟೆಯಲ್ಲಿ ಅವನ ಬಾಯಿ ತೆಗೆಸಿ ಮೂಸಿದವಳು ನಾನು, ಯಾವ ಮುಖ ಹೊತ್ತು ಸಮಾಧಾನ ಹೇಳಲಿ? ಅವನು ತಟ್ಟೆಯನ್ನು ತಾನೇ ತೊಳೆದು, ಬೋರಲು ಹಾಕಿ, ಹೋದ.

ಮರುದಿನ ಸಂಜೆ ಪೇಟೆ ಮುಗಿಯಿತು, ಹಮಾಲರು ಬಂದರು, ಹೋದರು. ಗದಿಗೆಪ್ಪ ಬರಲಿಲ್ಲ. ಬರಲು ಈಗ ಅವನಿಗೆ ಯಾವ ನೆಂಟಸ್ತಿಕೆಯೂ ಇರಲಿಲ್ಲ, ಉಸಿರು ಕೇಳುವ ಹಕ್ಕು ಈಗ ಮಾಸ್ತರರದು. ಸುಗಲಾ ರಸ್ತೆಯ ಕಡೆಗೇ ನೋಡುತ್ತ ಕೂತಿದ್ದವಳು ಎದ್ದು ಚಪ್ಪಲಿ ಮೆಟ್ಟಿದಳು. ಗದಿಗೆಪ್ಪನ ಮನೆ ಕೋಟೆ ದಿಣ್ಣೆಯ ತುದಿಗಿದೆ. ಇಷ್ಟು ದಿನ ಅವನು ಇಳಿದು ಬಂದದ್ದೇ ಹೊರತು ಇವಳು ಹತ್ತಿದವಳಲ್ಲ, ಹತ್ತುವ ಶಕ್ತಿ ಎಲ್ಲಿತ್ತು? "ಮೆಲ್ಲಕ ಹೋಗ, ನಿಂತು ನಿಂತು ಹೋಗ" ಅಂತ ಕೂಗುತ್ತ ನಾನೂ ಹಿಂದೆ ಬಿದ್ದೆ. ಅವಳು ಎಲ್ಲೂ ನಿಲ್ಲಲಿಲ್ಲ. ಏದುಸಿರು ಬಂದದ್ದು ನನಗೆ, ಅರ್ಧ ದಿಣ್ಣೆಗೇ ಸೊಂಟ ಹಿಡಿದು ನಿಂತುಬಿಟ್ಟೆ.

ಅಲ್ಲಿಂದಲೇ ನೋಡಿದೆ. ಅವನ ಬಾಗಿಲು ಮುಚ್ಚಿತ್ತು. ಅವಳು ತಟ್ಟಿದಳು, ಒಳಗಿನಿಂದ ಉತ್ತರ ಬರಲಿಲ್ಲ. ಮತ್ತೆ ತಟ್ಟಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಎದೆ ತುಂಬ ಗಾಳಿ ಎಳೆದುಕೊಂಡು, ದಿಣ್ಣೆಯ ಅಷ್ಟೂ ಮನೆಯವರು ಹೊರಗೆ ಬಂದು ನೋಡುವಂತೆ ಕೂಗಿದಳು.

"ಗದಿಗೆಪ್ಪಣ್ಣಾ, ಉಂಡಿಯೇನೋ?"